ಪಿಂಜಾರ ಗುಲಾಬನ ಕಲ್ಲುಹತ್ತಿ

ತಿಕೋಂಡಿಯ ಗುಲಾಬ ಪಿಂಜಾರ ಮಾಡಿಕೊಟ್ಟ ಗಾದಿಯ ಮೇಲೆ ಮಲಗಿದವನನ್ನು ಎಬ್ಬಿಸಬೇಕಾದರೆ ಎರಡು ಸಲ ಕೂಗಬೇಕು ಎಂದು ಆ ಸೀಮೆಯಲ್ಲಿ ಮಾತಿತ್ತು. ಮಾತು ಸುಳ್ಳಲ್ಲ. ಅವನು ಹತ್ತಿ ಪಿಂಜುವ ಬಿಲ್ಲು ಹಿಡಿದು, ಮರದ ಕೊಡತಿಯಿಂದ ಅದರ ನಾರಿಗೆ ಬಡಿಯುತ್ತ ಕೂತನೆಂದರೆ ಗಂಟುಗಂಟಾಗಿದ್ದ ಹಳೆಯ ಹತ್ತಿ ಹಾಲಿನ ನೊರೆಯ ಹಾಗೆ ಉಬ್ಬಿ ಏಳುತ್ತಿತ್ತು. ಆದರೆ ಗುಟ್ಟು ಪಿಂಜುವುದರಲ್ಲಿ ಇರಲಿಲ್ಲ, ತುಂಬುವುದರಲ್ಲಿತ್ತು. ಮೂರು ಮೂಲೆಗಳಿಗೆ ಬೆರಳಿನಿಂದ ಒತ್ತಿ ಒತ್ತಿ ಹತ್ತಿ ತುಂಬಿ, ಕಾಲ ಕಡೆಯ ಬಲ ಮೂಲೆಗೆ ಬಂದಾಗ ಅವನ ಕೈ ತಾನಾಗಿಯೇ ನಿಲ್ಲುತ್ತಿತ್ತು. ಅಲ್ಲಿ ಒಂದು ಹಿಡಿ ಕಡಿಮೆ. ಅದಕ್ಕೆ ಅವರ ಮನೆಯಲ್ಲಿ ಗಾಳಿಮೂಲೆ ಎನ್ನುತ್ತಿದ್ದರು. ಬಿಸಿಲಿಗೆ ಹಾಕಿದಾಗ ಹತ್ತಿ ಉಬ್ಬುತ್ತದೆ. ಉಬ್ಬಿದ್ದಕ್ಕೆ ಹೋಗಲು ಜಾಗ ಬೇಕು. ಜಾಗವಿಲ್ಲದಿದ್ದರೆ ಹೊಲಿಗೆ ಬಿಚ್ಚುತ್ತದೆ, ಇಲ್ಲವೇ ಗಾದಿ ಕಲ್ಲಾಗುತ್ತದೆ. ಅಪ್ಪ ಇದನ್ನು ಬಾಯಿಂದ ಹೇಳಿ ಕಲಿಸಲಿಲ್ಲ. ನಾಲ್ಕೂ ಮೂಲೆ ತುಂಬಿದಾಗೆಲ್ಲ ಕೊಡತಿಯಿಂದ ಬೆರಳಿಗೆ ಬಡಿದು ಕಲಿಸಿದ. ಹಾಗೆ ಕಲಿತದ್ದನ್ನು ತಲೆ ಮರೆತರೂ ಬೆರಳು ಮರೆಯುವುದಿಲ್ಲ.

ತೊಂಬತ್ತೈದರ ಸುಮಾರಿಗೆ ಜತ್ತದ ಪೇಟೆಗೆ ಸ್ಪಂಜಿನ ಗಾದಿ ಬಂತು. ಮೂರು ವರ್ಷಕ್ಕೆ ಕುಸಿದು ನಾಯಿ ಮಲಗುವ ತಗ್ಗಿನಂತಾಗುವ ಪದಾರ್ಥ ಅದು. ಆದರೂ ನಮ್ಮ ಜನಕ್ಕೆ ಹೊಸದೆಂದರೆ ಜೀವ. ಗುಲಾಬನ ಬಿಲ್ಲು ಗೂಟಕ್ಕೆ ತೂಗುಬಿತ್ತು. ಹೆಂಡತಿ ಮಹಮುದಾ ಎರಡು ಹಂಗಾಮು ಕಂಡವರ ಹೊಲದಲ್ಲಿ ಶೇಂಗಾ ಕಿತ್ತಳು. ಆಗ ಕಾರ್ಮಿಕರನ್ನು ಕೂಡಿಸುವ ಗುತ್ತೇದಾರನೊಬ್ಬ ಬಂದು, ದೂರದಲ್ಲಿ ಅಣು ವಿದ್ಯುತ್ ಕೇಂದ್ರ ಕಟ್ಟುತ್ತಿದ್ದಾರೆ, ವರ್ಷಗಟ್ಟಲೆ ಕೆಲಸವಿದೆ ಎಂದ. ಗುಲಾಬ ಗಂಟು ಕಟ್ಟಿದ.

ನದಿಯ ದಂಡೆ, ಸುತ್ತ ಕಾಡು, ನಡುವೆ ಆಕಾಶಕ್ಕೆ ತಲೆ ತಾಗಿಸಿ ನಿಂತ ಸಿಮೆಂಟಿನ ಗುಮ್ಮಟ. ಆ ಕೇಂದ್ರದ ಹೆಸರು ನಿಮಗೆ ಬೇಡ. ಮೊದಲ ಆರು ತಿಂಗಳು ಗುಲಾಬ ಅಲ್ಲಿ ಕೇಬಲ್ಲಿನ ಉರುಳೆ ಉರುಳಿಸಿದ. ಒಂದು ದಿನ ಊಟದ ಹೊತ್ತಿನಲ್ಲಿ, ಗೋಡೆಯ ತೂತಿನಲ್ಲಿ ಬಿಳಿಯ ಅರಳೆಯಂಥದ್ದನ್ನು ಸುತ್ತಿಗೆಯ ಹಿಡಿಯಿಂದ ತುರುಕುತ್ತಿದ್ದ ಒಬ್ಬನನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ. "ಸರಿ ಅತ್ಲಾಗ, ಹತ್ತಿ ಅಂದ್ರ ಮೊಳಿ ಅಲ್ಲ, ಹಂಗ ಗುದ್ದಬ್ಯಾಡ," ಎಂದು ತಾನೇ ಕೂತ. ಅದು ಹತ್ತಿಯಲ್ಲ, ಕಲ್ಲನ್ನು ಕರಗಿಸಿ ನೂಲಾಗಿ ಎಳೆದದ್ದು, ಬೆಂಕಿಗೆ ಬಗ್ಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಗುಲಾಬ ಅದಕ್ಕೆ ಕಲ್ಲುಹತ್ತಿ ಎಂದು ಹೆಸರಿಟ್ಟ. ಅಗ್ನಿಶಾಮಕ ವಿಭಾಗದ ಎಂಜಿನಿಯರ್ ಶಂಕರಲಿಂಗ ಹಿಂದೆಯೇ ನಿಂತು ನೋಡುತ್ತಿದ್ದರು. ವಿಜಯಪುರದ ಕಡೆಯವರು. ತುಂಬಿದ ತೂತನ್ನು ಬೆರಳಿನಿಂದ ಒತ್ತಿ ನೋಡಿ, "ಯಾವೂರಪಾ ನಿಂದು?" ಎಂದು ಕೇಳಿದರು.

ಮರುದಿನ ಅವರು ಅವನನ್ನು ಎರಡು ಕೋಣೆಗಳ ನಡುವಿನ ಗೋಡೆಯ ಎದುರು ಕೂಡಿಸಿಕೊಂಡರು.

"ನೋಡು ಗುಲಾಬ, ಅಣುಭಟ್ಟಿ ಆರಿಸಿದ ಮ್ಯಾಲೂ ಅದರ ಕಾವು ಇಳಿಯಂಗಿಲ್ಲ. ಒಲಿ ಆರಿಸಿದ ಮ್ಯಾಲೂ ಕೆಂಡ ಇರತಾವಲ್ಲ, ಹಂಗ. ಅದಕ್ಕ ನೀರ ಹಾಯಿಸೂ ಪಂಪ್ ನಿಲ್ಲಬಾರದು. ಪಂಪಿಗೆ ಕರೆಂಟ್ ಒಯ್ಯೂ ಕೇಬಲ್ ಎರಡ ಜೋಡಿ. ಈ ಖೋಲ್ಯಾಗ ಒಂದು, ಆ ಖೋಲ್ಯಾಗ ಒಂದು. ಒಂದು ಸುಟ್ಟರ ಇನ್ನೊಂದು ಉಳೀಬೇಕು. ನಡುವಿನ ಗ್ವಾಡಿ ಮೂರು ತಾಸು ಬೆಂಕಿ ತಡೀಬೇಕು. ಗ್ವಾಡ್ಯಾಗ ತೂತ ಉಳೀತಂದ್ರ ಗ್ವಾಡಿ ಇದ್ದೂ ಇಲ್ಲ."

"ತಿಳೀತ್ರಿ," ಎಂದ ಗುಲಾಬ. ನಿಜವಾಗಿಯೂ ತಿಳಿದಿತ್ತು.

ಮುಂದಿನ ಎರಡು ವರ್ಷದಲ್ಲಿ ಅವನು ತುಂಬಿದ್ದು ಮುನ್ನೂರ ನಲವತ್ತು ತೂತು. ಮೊಳದಗಲ, ಗೇಣೆತ್ತರ, ಒಳಗೆ ಕೇಬಲ್ಲುಗಳು ಒತ್ತಾಗಿ ಹಾದುಹೋಗುತ್ತವೆ. ಅವುಗಳ ಸಂದುಗೊಂದಿಗೆಲ್ಲ ಕಲ್ಲುಹತ್ತಿ ಸೇರಿಸಿ, ಎರಡೂ ಕಡೆ ಬಿಳಿಯ ಲೇಪ ಬೆರಳು ದಪ್ಪ ಬಳಿದು, ಸುಣ್ಣದ ಗೋಡೆಯಷ್ಟು ನುಣ್ಣಗೆ ಮಾಡುವುದು. ಪ್ರತಿ ತೂತಿನ ಪಕ್ಕ ಒಂದು ತಗಡಿನ ಬಿಲ್ಲೆ. ಅದರ ಮೇಲೆ ಸಂಖ್ಯೆ, ತಾರೀಖು, ತುಂಬಿದವನ ಹೆಸರು. ಗೋಡೆಯ ಮೇಲೆ ಹೆಸರು ಬರೆಸಿಕೊಂಡ ಪಿಂಜಾರ ಅವರ ವಂಶದಲ್ಲೇ ಅವನೊಬ್ಬ. ಅವನ ಮಾತಿನ ಮೇಲೆ ಗುತ್ತೇದಾರ ಜತ್ತ ತಾಲ್ಲೂಕಿನಿಂದ ಇನ್ನೂ ಆರು ಜನರನ್ನು ಕರೆಸಿಕೊಂಡ. ಲೇಪ ಕಲಸುವವರು, ಏಣಿ ಹಿಡಿಯುವವರು. ಅವರಲ್ಲಿ ಅಸಂಗಿಯ ಸಾತಪ್ಪ ಗುಲಾಬನಿಗೆ ಹತ್ತಿರದವನು. ಒಂದೇ ಒಲೆಯ ಮೇಲೆ ರೊಟ್ಟಿ ಬಡಿದುಕೊಂಡು, ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಕೈ ಮಾತ್ರ ಎಲ್ಲ ತೂತಿಗೂ ಗುಲಾಬನದೇ.

ಕೇಂದ್ರ ಶುರುವಾಯಿತು. ಗುಮ್ಮಟದೊಳಗೆ ಭಟ್ಟಿ ಉರಿಯತೊಡಗಿತು. ಗುಲಾಬನ ತಂಡ ಅಲ್ಲೇ ಉಳಿಯಿತು, ಯಾಕೆಂದರೆ ಹೊಸ ಕೇಬಲ್ ಹಾಯಿಸುವಾಗೆಲ್ಲ ತುಂಬಿದ ತೂತನ್ನು ಕೆತ್ತಿ ತೆಗೆದು ಮತ್ತೆ ತುಂಬಬೇಕು. ಎರಡು ಸಾವಿರನೆಯ ಇಸವಿಯ ಮಾರ್ಚಿನಲ್ಲಿ ನೂರಾ ಹದಿನೆಂಟನೆಯ ತೂತಿನ ಸರದಿ ಬಂತು. ಗುಲಾಬ ಒಬ್ಬನೇ ಇದ್ದ. ಕೆಳಗಿನ ಬಲ ಮೂಲೆಯ ಲೇಪ ಕೆತ್ತಿದ. ಲೇಪ ಉದುರಿತು, ಬೆರಳು ಒಳಗೆ ಹೋಯಿತು, ಏನೂ ತಾಗಲಿಲ್ಲ.

ಇಲಿ ಹೊಕ್ಕಿರಬೇಕು ಎಂದುಕೊಂಡ. ಕಲ್ಲುಹತ್ತಿ ತಿನ್ನುವ ಇಲಿ ಯಾವ ದೇಶದಲ್ಲೂ ಇಲ್ಲ. ಬೇರೆ ಮೂರು ಮೂಲೆ ಕೆತ್ತಿ ನೋಡಿದ. ಕಲ್ಲಿನ ಹಾಗೆ ಗಟ್ಟಿ. ಮತ್ತೆ ಬಲಮೂಲೆಗೆ ಮುಷ್ಟಿ ಇಟ್ಟ. ಮುಷ್ಟಿ ಸರಿಯಾಗಿ ಕೂತಿತು, ಅಳತೆ ತೆಗೆದು ಮಾಡಿದ ಹಾಗೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ; ಅವನ ಅಪ್ಪ ಸತ್ತು ಹನ್ನೆರಡು ವರ್ಷವಾಗಿದ್ದರೂ ಕೊಡತಿ ಇನ್ನೂ ಬೆರಳಿಗೆ ಬಡಿಯುತ್ತಲೇ ಇತ್ತು. ಗುಲಾಬ ಅಲ್ಲೇ ಗೋಡೆಗೆ ಒರಗಿ ಕೂತ. ಎದುರಿನ ಗೋಡೆಯಲ್ಲಿ ಸಾಲಾಗಿ ಬಿಲ್ಲೆಗಳು ಮಿಂಚುತ್ತಿದ್ದವು. ಎಲ್ಲದರ ಮೇಲೂ ಅವನದೇ ಹೆಸರು.

ಆ ತೂತನ್ನು ನಾಲ್ಕೂ ಮೂಲೆ ತುಂಬಿ ಮುಚ್ಚಿದ. ಬಾಯಿಯನ್ನೂ ಮುಚ್ಚಿದ. ಎರಡು ದಿನ ತಡೆದು ಸಾತಪ್ಪನಿಗೆ ಮಾತ್ರ ಹೇಳಿದ. ಸಾತಪ್ಪ ರೊಟ್ಟಿ ಬಡಿಯುತ್ತಿದ್ದವನು ಕೈ ನಿಲ್ಲಿಸಿದ.

"ಎಷ್ಟ ತೂತು?"

"ಎಲ್ಲಾವು."

"ಮತ್ತ್ಯಾರಿಗೆ ಹೇಳೀದಿ?"

"ಯಾರಿಗೂ ಇಲ್ಲ."

"ಹಂಗಾದ್ರ ಹೇಳಬ್ಯಾಡ," ಎಂದ ಸಾತಪ್ಪ. "ಇಲ್ಲಿ ಬಂದು ಮೂರ ವರ್ಷ ಆತು, ಒಂದ ಬೀಡಿ ಸೈತ ಹೊತ್ತಿದ್ದು ಕಂಡಿಲ್ಲ. ಮ್ಯಾಲ ನೋಡು, ಹೊಗಿ ಹಿಡಿಯೂ ಡಬ್ಬಿ, ನೀರ ಸುರಿಯೂ ಕೆಂಪ ಪೈಪು, ಬೆಂಕಿ ಆರಸೂ ಮಂದಿ. ಇಷ್ಟ ಎಲ್ಲಾ ದಾಟಿ ಬೆಂಕಿ ನಿನ್ನ ಮೂಲಿ ಹುಡಿಕ್ಕೊಂಡ ಬರತೈತೇನು? ನೀ ಹೇಳಿದಿ ಅಂದ್ರ ಏಳೂ ಮಂದಿ ಗೇಟ್ ಪಾಸ್ ಕಸಗೋತಾರ. ನನ್ನ ಮನಿ ಅರ್ಧಾ ಕಟ್ಟೇನಿ. ಸೋನಾಲಿ ಜತ್ತದಾಗ ಸಾಲಿಗೆ ಹೊಂಟಾಳ. ನಿನ್ನ ಕೈ ಮಾಡಿದ್ದಕ್ಕ ನನ್ನ ಮಗಳ ಸಾಲಿ ಯಾಕ ಬಿಡಸ್ತಿ?"

ಗುಲಾಬನಿಗೆ ಬಾಯಲ್ಲಿ ಬಿಸಿತುಪ್ಪ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಐತವಾರ ಊರಿಗೆ ಫೋನು ಹಚ್ಚಿದ. ಕಿರಾಣಿ ಅಂಗಡಿಯ ಫೋನಿಗೆ ಮಹಮುದಾ ಓಡಿ ಬಂದಳು. ಅವನು ಬಿಸಿಲು ಹೇಗಿದೆ ಎಂದು ಕೇಳಿದ, ಆಡು ಈಯಿತೇ ಎಂದು ಕೇಳಿದ. "ಏನಾಗೇದರಿ ನಿಮಗ? ದನಿ ಎಲ್ಲೋ ಬಾವ್ಯಾಗಿಂದ ಬಂದಂಗ ಆಗತೇತಿ," ಎಂದಳು ಅವಳು. ಏನಿಲ್ಲ ಎಂದು ಇಟ್ಟುಬಿಟ್ಟ.

ಆ ವಾರವೇ ಅವನಿಗೆ ಕಾವಲಿನ ಪಾಳಿ ಬಂತು. ಅಲ್ಲಿಯ ನಿಯಮ ಕಟ್ಟುನಿಟ್ಟು: ಗೋಡೆಯ ಯಾವುದೇ ತೂತು ತೆರೆದಿದ್ದರೆ, ಮುಚ್ಚುವವರೆಗೆ ಅದರ ಎದುರು ಒಬ್ಬ ಮನುಷ್ಯ ಕೂರಬೇಕು. ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಪಕ್ಕದಲ್ಲಿ ತೂತಿಗೆ ಒತ್ತುವ ಕಲ್ಲುಹತ್ತಿಯ ದಿಂಬು. ಬೇರೆ ಯಾರಾದರೂ ಬಂದು ಕೂರುವವರೆಗೆ ಏಳುವಂತಿಲ್ಲ, ಓದುವಂತಿಲ್ಲ, ತೂಕಡಿಸುವಂತಿಲ್ಲ. ಕಿಟಕಿ ಇಲ್ಲದ ಕೋಣೆ. ಕೇಬಲ್ಲುಗಳ ರಬ್ಬರಿನ ವಾಸನೆ, ಸೆಖೆ, ಟ್ಯೂಬ್‌ಲೈಟಿನ ಗುಂಯ್. ನಮಾಜಿಗೆ ಕಾಬಾದ ದಿಕ್ಕಿಗೆ ತಿರುಗಬೇಕೆಂದರೆ ತೂತಿಗೆ ಬೆನ್ನು ಮಾಡಬೇಕು. ಅದಕ್ಕೂ ನಿಯಮ ಒಪ್ಪದು. ಹೊತ್ತು ತಪ್ಪಿದ ನಮಾಜನ್ನು ಕೋಣೆಗೆ ಹೋಗಿ ತೀರಿಸುತ್ತಿದ್ದ. ಬಾಗಿಲಿಗೆ ಬೀಗವೇನೂ ಇರಲಿಲ್ಲ, ತಳ್ಳಿದರೆ ತೆರೆಯುತ್ತಿತ್ತು. ಆದರೂ ಅವನಿಗೆ ಜೈಲಿನಲ್ಲಿ ಕೂತ ಹಾಗಾಗುತ್ತಿತ್ತು. ಎದುರಿಗಿದ್ದದ್ದು ಒಂದು ತೆರೆದ ತೂತು. ಸುತ್ತ ಇದ್ದದ್ದು ನಲವತ್ತು ಮುಚ್ಚಿದ ತೂತು. ತೆರೆದದ್ದನ್ನು ಕಾಯಲು ಮನುಷ್ಯನನ್ನು ಇಟ್ಟಿದ್ದರು. ಮುಚ್ಚಿದ್ದನ್ನು ಯಾರೂ ಕಾಯುತ್ತಿಲ್ಲ ಎಂಬುದು ಇಡೀ ಕೇಂದ್ರದಲ್ಲಿ ಅವನಿಗೂ ಸಾತಪ್ಪನಿಗೂ ಮಾತ್ರ ಗೊತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಬೆಂಕಿಯ ಗಂಟೆ ಹೊಡೆಯಿತು. ಮ್ಯಾಗ್ನೆಟ್ಟು ತೆರೆದು ಹಿಡಿದಿದ್ದ ಹೊರಗಿನ ಉಕ್ಕಿನ ಬಾಗಿಲುಗಳು ದಢ್ ದಢ್ ಎಂದು ಮುಚ್ಚಿಕೊಂಡವು. ಗೋಡೆಯಾಚೆ ಬೂಟುಗಳ ಸದ್ದು. ಅದು ಅಗ್ನಿಶಾಮಕ ವಿಭಾಗದ ತಾಲೀಮು, ಪಕ್ಕದ ಕೋಣೆಯಲ್ಲಿ ಯಂತ್ರದಿಂದ ಹುಸಿ ಹೊಗೆ ಬಿಟ್ಟಿದ್ದರು. ಗುಲಾಬನಿಗೆ ಅದು ಗೊತ್ತಿರಲಿಲ್ಲ. ತೆರೆದ ತೂತಿನಿಂದ ಬಿಳಿ ಹೊಗೆ ನುಗ್ಗಿತು. ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡಿದ. ದಿಂಬನ್ನು ಎತ್ತಿ ತೂತಿಗೆ ಒತ್ತಿ ಭುಜ ಕೊಟ್ಟು ನಿಂತ. ಹೊಗೆ ನಿಂತಿತು. ವರದಿ ಕೊಡಲು ಫೋನಿನತ್ತ ತಲೆ ತಿರುಗಿಸಿದಾಗ, ಮಾರುದೂರದಲ್ಲಿದ್ದ ಇನ್ನೊಂದು ತೂತು ಕಣ್ಣಿಗೆ ಬಿತ್ತು. ನೂರಾ ಇಪ್ಪತ್ತೊಂದು. ಮುಚ್ಚಿದ್ದು. ಅದರ ಕೆಳಗಿನ ಬಲ ಮೂಲೆಯ ಲೇಪ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಲ್ಲಿಂದ ಊದುಬತ್ತಿಯ ಹೊಗೆಯಂತೆ ಸಣ್ಣಗೆ, ನೆಟ್ಟಗೆ ಒಂದು ಎಳೆ ಬರುತ್ತಿತ್ತು.

ಅವನು ಭುಜ ಸರಿಸುವಂತಿರಲಿಲ್ಲ. ಸರಿಸಿದರೆ ತೆರೆದ ತೂತು. ಅಲ್ಲೇ ನಿಂತು ನೋಡಿದ. ತಾಲೀಮು ಮುಗಿದು, ತಲೆ ಎಣಿಸಿ, ಬಾಗಿಲು ತೆರೆಯಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಆ ಎಳೆ ಹೊಗೆ, ಅದರ ಪಕ್ಕದ ಬಿಲ್ಲೆಯ ಮೇಲೆ ಅವನ ಹೆಸರು. ಅವನು ಹೆದರಿದ, ನಾಚಿದ, ಅಳುಬಂದು ಬಿಕ್ಕಿದ. ಬಾಗಿಲು ತೆರೆದಾಗ ಬಿರುಕು ಯಾರ ಕಣ್ಣಿಗೂ ಬೀಳಲಿಲ್ಲ. ಶಂಕರಲಿಂಗ ಬಂದು ಬೆನ್ನು ತಟ್ಟಿ, "ಶಬ್ಬಾಸ್, ಜಾಗಾ ಬಿಡಲಿಲ್ಲ ನೋಡು," ಎಂದರು.

ಆ ಶಬ್ಬಾಸ್‌ಗಿರಿಯೇ ಅವನನ್ನು ಕೆಡವಿತು. ಬೈದಿದ್ದರೆ ಬಹುಶಃ ಸುಮ್ಮನಿರುತ್ತಿದ್ದ.

"ಸಾಯೇಬ್ರ, ಕುಂದ್ರಿ," ಎಂದ. ತನ್ನ ಸ್ಟೂಲನ್ನೇ ಅವರಿಗೆ ಕೊಟ್ಟು, ಬಿಲ್ಲು, ಕೊಡತಿ, ಗಾಳಿಮೂಲೆ ಎಲ್ಲ ಹೇಳಿದ. ಅವರು ನಂಬಲಿಲ್ಲ. ಆಮೇಲೆ ನೂರಾ ಇಪ್ಪತ್ತೊಂದನ್ನು ಕೆತ್ತಿಸಿ, ತಮ್ಮ ಮುಷ್ಟಿ ಒಳಗೆ ಹಾಕಿ ನೋಡಿದರು. "ನಾನೂ ಒತ್ತಿ ನೋಡೀನಲ್ಲೋ," ಎಂದರು. "ಪ್ರತಿಯೊಂದರ ನಡುವ ಒತ್ತಿ ನೋಡೀನಿ. ಮೂಲಿ ಒತ್ತಲಿಲ್ಲ."

ಅದೇ ರೀತಿ ತುಂಬಿದ ಮಾದರಿಯೊಂದನ್ನು ಪರೀಕ್ಷೆಯ ಭಟ್ಟಿಗೆ ಕಳಿಸಿದರು. ಮೂರು ತಾಸು ತಡೆಯಬೇಕಾದದ್ದು ನಲವತ್ತು ನಿಮಿಷಕ್ಕೆ ಸೋತಿತು. ಮುನ್ನೂರ ನಲವತ್ತನ್ನೂ ತೆರೆದು ಮತ್ತೆ ತುಂಬಬೇಕೆಂದು ಆದೇಶವಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಮಾತ್ರ ದೊಣ್ಣೆಗೂ ವರುಷವೇ ಹಿಡಿಯಿತು. ಗುತ್ತೇದಾರ ತನ್ನ ಮರ್ಯಾದೆ ಉಳಿಸಿಕೊಳ್ಳಲು ಜತ್ತದ ಆರು ಜನರ ಪಾಸನ್ನು ಅದೇ ವಾರ ಕಿತ್ತುಕೊಂಡ. ಗುಲಾಬನೂ ಗಂಟು ಕಟ್ಟಿದ. ಶಂಕರಲಿಂಗ ಬಿಡಲಿಲ್ಲ.

"ನೀ ಹೋಗಾಕ ಬರಂಗಿಲ್ಲ. ಒಂದೊಂದ ತೂತು ತಗದಾಗೂ ಎದುರಿಗೆ ಒಬ್ಬಾಂವ ಕುಂದ್ರಬೇಕು. ಎಲ್ಲಿ, ಹೆಂಗ, ಎಷ್ಟ ಒಳಗ ಅಂತ ನಿನಗ ಬಿಟ್ಟು ಯಾರಿಗೂ ಗೊತ್ತಿಲ್ಲ. ಇದು ಶಿಕ್ಷಾ ಅಲ್ಲ ಗುಲಾಬ."

ಶಿಕ್ಷೆ ಅಲ್ಲವಂತೆ! ಹೋದವರು ಊರಿಗೆ ಹೋದರು, ಬಯ್ದರು, ಹಗುರಾದರು. ಇವನೊಬ್ಬ ಒಳಗೆ ಉಳಿದ. ಸಾತಪ್ಪ ಹೊರಡುವ ಮುಂಜಾನೆ ಹಂಚು, ಹಿಟ್ಟು ನಾದುವ ಕೊಣಮಿಗೆ, ಡಬ್ಬಿ ಎಲ್ಲ ಬೇರೆ ಮಾಡಿ, ಗುಲಾಬನ ಪಾಲನ್ನು ಒಲೆಯ ಪಕ್ಕ ಸಾಲಾಗಿ ಇಟ್ಟ. "ನಿನ್ನ ಕೈಗೆ ಹುಳಾ ಬೀಳಲಿ ಅಂತ ಶಾಪಾ ಹಾಕಬೇಕಂತ ಮಾಡಿದ್ದೆ," ಎಂದ. "ಹಾಕಂಗಿಲ್ಲ. ನಿನ್ನ ಕೈ ನೀನ ನೋಡ್ಕೋತ ಕುಂದ್ರು, ಅದ ಸಾಕು." ಹಿಂದಿರುಗಿ ನೋಡದೆ ಬಸ್ಸು ಹತ್ತಿದ.

ಹಾಗೆಯೇ ಆಯಿತು. ಹದಿನಾಲ್ಕು ತಿಂಗಳು ಗುಲಾಬ ತೂತುಗಳ ಎದುರು ಕೂತು ತನ್ನ ಕೈ ನೋಡಿದ. ಕೆತ್ತುವವರು ಬೇರೆಯವರು, ತುಂಬುವವರು ಬೇರೆಯವರು. ಇವನ ಕೆಲಸ ಮೂಲೆ ತೋರಿಸುವುದು, ಕೂರುವುದು, ಹಳೆಯ ಬಿಲ್ಲೆ ಬಿಚ್ಚುವುದು. ಬಿಚ್ಚಿದ ಬಿಲ್ಲೆಗಳು ಎಣ್ಣೆಯ ಡಬ್ಬಿಗೆ ಬೀಳುವಾಗ ಠಣ್ ಎನ್ನುತ್ತಿದ್ದವು. ಮಗಳು ದಿಲಶಾದಳಿಗೆ ಹೆರಿಗೆಯಾದಾಗ ನೂರಾ ತೊಂಬತ್ತನೆಯ ತೂತಿನ ಎದುರು ಕೂತಿದ್ದ. ಮೊಮ್ಮಗಳು ಹುಟ್ಟಿದ ಸುದ್ದಿ ಪಾಳಿ ಮುಗಿದ ಮೇಲೆ ತಿಳಿಯಿತು. ಹೊಸಬರು ತುಂಬುವಾಗ ಅವನ ಕೈ ಮಡಿಲಲ್ಲೇ ಆಡುತ್ತಿತ್ತು. ಅದು ಬಲಮೂಲೆಗೆ ಬಂದು ನಿಂತಾಗೆಲ್ಲ ಎಡಗೈಯಿಂದ ಬೆರಳುಗಳನ್ನು ತಾನೇ ಹಿಸುಕುತ್ತಿದ್ದ. ಒತ್ತು, ಇನ್ನೂ ಒತ್ತು. ಅಪ್ಪ ಕೊಡತಿಯಿಂದ ಕಲಿಸಿದ್ದನ್ನು ಅವನು ಹಾಗೆ ದಿನಾ ಕೂತು ಬೆರಳಿಗೆ ಮರೆಸಿಬಿಟ್ಟ.

ಕೊನೆಯ ತೂತು ಬಂದ ದಿನ ಶಂಕರಲಿಂಗ ತುಂಬುವವನನ್ನು ಎಬ್ಬಿಸಿ, "ಇದನ್ನ ನೀ ತುಂಬು," ಎಂದು ಗುಲಾಬನನ್ನು ಕೂಡಿಸಿದರು. ತುಂಬಿದ. ಅವರು ನಾಲ್ಕೂ ಮೂಲೆ ಒತ್ತಿ ನೋಡಿದರು. ಬಿಲ್ಲೆಗೆ ಹೆಸರು ಹಾಕಿಸಲೇ ಎಂದು ಕೇಳಿದಾಗ ಗುಲಾಬ, "ಹಾಕ್ರಿ. ನಾಳೆ ಯಾರರೆ ತಗದ ನೋಡಿದ್ರ ಯಾರಿಗೆ ಬೈಬೇಕು ಗೊತ್ತಾಗಬೇಕಲ್ರಿ," ಎಂದ.

ತಿಕೋಂಡಿಗೆ ಬಂದಾಗ ಎರಡು ಸಾವಿರದ ಒಂದರ ಮಳೆಗಾಲ ಮುಗಿಯುತ್ತಿತ್ತು. ಊರಿಗೆ ಸುದ್ದಿ ಅವನಿಗಿಂತ ಮೊದಲೇ ಬಂದು ಕಾಲು ಚಾಚಿ ಕೂತಿತ್ತು. ಕೆಲಸ ಕಳೆದುಕೊಂಡ ಆರು ಮನೆಗಳವರು ಅವನ ಓಣಿಗೆ ಬರುವುದನ್ನು ಬಿಟ್ಟರು. ಮಹಮುದಾ ಗೂಟದಿಂದ ಬಿಲ್ಲು ಇಳಿಸಿ, ಧೂಳು ಒರೆಸಿ, ಅವನ ಮುಂದಿಟ್ಟಳು. ಸ್ಪಂಜಿನ ಗಾದಿಗಳು ಕುಸಿಯುವ ಕಾಲವೂ ಬಂದಿತ್ತು, ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಆದರೆ ಒಮ್ಮೆ ಬಂದವರು ಎರಡನೆಯ ಸಲ ಬರಲಿಲ್ಲ. ಗಾದಿ ಬಿಗಿಯೆಂದರು, ಬೆನ್ನು ಹಿಡಿಯುತ್ತದೆಂದರು. ಮಹಮುದಾ ಒಮ್ಮೆ ಬಲಮೂಲೆ ಒತ್ತಿ ನೋಡಿ, "ಗಾಳಿಮೂಲಿ ಎಲ್ಲಿ ಹೋತ್ರಿ?" ಎಂದು ಕೇಳಿದಳು. ಗುಲಾಬನಿಗೆ ಗೊತ್ತಿತ್ತು. ತುಂಬುವಾಗ ಆ ಮೂಲೆಗೆ ಬಂದರೆ ಹೊಗೆಯ ಎಳೆ ಕಣ್ಣಿಗೆ ಕಟ್ಟುತ್ತಿತ್ತು. ಇದು ಹತ್ತಿ, ಇದು ಗಾದಿ, ಇಲ್ಲಿ ಯಾವ ಭಟ್ಟಿಯೂ ಇಲ್ಲ ಎಂದು ತಲೆ ಹೇಳುತ್ತಿತ್ತು. ಕೈ ಕೇಳುತ್ತಿರಲಿಲ್ಲ.

ಎರಡು ಸಾವಿರದ ಮೂರರಲ್ಲಿ ಸಾತಪ್ಪನ ಮಗಳು ಸೋನಾಲಿಯ ಮದುವೆ ಗೊತ್ತಾಯಿತು. ಆ ಮನೆಯಲ್ಲಿ ಹೆಣ್ಣಿಗೆ ಕೊಡುವ ಗಾದಿ ತಿಕೋಂಡಿಯ ಪಿಂಜಾರರ ಮನೆಯದೇ ಆಗಬೇಕು. ಸಾತಪ್ಪನ ತಾಯಿ ಬೀರವ್ವ ಇಂದಿಗೂ ಮಲಗುವುದು ಗುಲಾಬನ ಅಪ್ಪ ಮಾಡಿದ ಗಾದಿಯ ಮೇಲೆ. ಮುದುಕಿ ಹಟ ಹಿಡಿದಳು. ಸಾತಪ್ಪ ಹತ್ತಿಯ ಗಂಟನ್ನು ತಂದು ಕಟ್ಟೆಯ ಮೇಲೆ ಇಳಿಸಿ, "ಅವ್ವ ಹೇಳ್ಯಾಳ," ಎಂದಷ್ಟೇ ನುಡಿದು ಹೋದ. ಮೂರು ವರ್ಷದಲ್ಲಿ ಅವನು ಆಡಿದ ಮೊದಲ ಮಾತು ಅದು. ಗುಲಾಬ ನಾಲ್ಕು ದಿನ ಪಿಂಜಿದ. ಅಂಥ ಹತ್ತಿ ಅವನು ಜೀವಮಾನದಲ್ಲೇ ಪಿಂಜಿರಲಿಲ್ಲ. ಹೊಲಿದು ಕಳಿಸಿದ.

ಎರಡನೆಯ ದಿನ ಸಾತಪ್ಪ ಗಾದಿಯನ್ನು ಹೆಗಲ ಮೇಲೆ ಹೊತ್ತು ತಂದು ಕಟ್ಟೆಯ ಮೇಲೆ ಒಗೆದ.

"ಅವ್ವ ಮಲಗಿ ನೋಡಿದ್ಲು. ಕಲ್ಲ ಐತಿ ಅಂದ್ಲು. ಮೊದಲಿನಂಗ ಮಾಡಿಕೊಡು ಅಂದಾಳ."

ಗುಲಾಬ ಗಾದಿ ಬಿಚ್ಚಿ ಹಾಸಿ, ಕಾಲ ಕಡೆಯ ಬಲಮೂಲೆಯ ಹೊಲಿಗೆಯನ್ನು ಸೂಜಿಯಿಂದ ಬಿಡಿಸಿದ. ಕೈ ಒಳಗೆ ಹಾಕಿದ. ಹತ್ತಿ ಮುಷ್ಟಿಗೆ ಸಿಕ್ಕಿತು. ಎಳೆಯಬೇಕು, ಅಷ್ಟೇ. ಮುಷ್ಟಿ ಮಾತ್ರ ಹೊರಗೆ ಬರುವ ಬದಲು ಹತ್ತಿಯನ್ನು ಇನ್ನೂ ಒಳಕ್ಕೆ ಒತ್ತಿತು. ಎರಡನೆಯ ಸಲವೂ ಹಾಗೆಯೇ. ಮಹಮುದಾ ಬಾಗಿಲಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಳು. ಸಾತಪ್ಪ ಬಗ್ಗಿ ನೋಡಿದ. ನೋಡುತ್ತ ನೋಡುತ್ತ ಅವನ ಮುಖದ ಮೇಲಿನ ಬಿಗುವು ಹೋಯಿತು.

ಗುಲಾಬ ಕೈ ಹೊರಗೆ ತೆಗೆದ, ಖಾಲಿ.

"ನನ್ನ ಕೈ ಕೇಳವಲ್ದು ಸಾತಪ್ಪಾ. ನೀನ ತಗಿ."

ಸಾತಪ್ಪ ಕಟ್ಟೆ ಹತ್ತಿ ಅವನ ಎದುರು ಕೂತ. ಅಂಗಿಯ ತೋಳು ಮೇಲೆ ಮಾಡಿ ಮೂಲೆಗೆ ಕೈ ಹಾಕಿ, ಒಂದು ಹಿಡಿ ಹತ್ತಿ ಎಳೆದ.

"ಇಷ್ಟ ಸಾಕೇನು?"

"ಇನ್ನೊಂದ ಚೂರು."

ಇನ್ನೊಂದು ಚೂರು ಎಳೆದ. ಆ ಹತ್ತಿಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಆಮೇಲೆ ಕೇಳಿದ:

"ಅಲ್ಲಿ ಕಡೀ ತೂತು ಯಾರ ತುಂಬಿದ್ರು?"

"ನಾನ."

"ನಾಕೂ ಮೂಲಿ?"

"ನಾಕೂ."

ಸಾತಪ್ಪ ತಲೆ ಆಡಿಸಿದ. ಸೂಜಿಗೆ ತಾನೇ ದಾರ ಪೋಣಿಸಿ ಗುಲಾಬನ ಕೈಗೆ ಕೊಟ್ಟ. "ಹಂಗಾದ್ರ ಇದನ್ನ ಹೊಲಿ," ಎಂದ. "ಅವ್ವ ಕಾಯಾಕತ್ತ್ಯಾಳ."